ಕಣ್ಕಟ್ಟಿನ ಮ್ಯೂಸಿಯಂಗೆ ಪುಟ್ಟ ಮಕ್ಕಳ ಜೊತೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಇಬ್ಬರು ಮಕ್ಕಳನ್ನೂ ಅಕ್ಕನ ಮಗನನ್ನೂ ಇಂಥ ಮ್ಯೂಸಿಯಂಗಳಿಗೆ ಕರೆದುಕೊಂಡು ಹೋಗಿ ಹೋಗಿ, ಈಗ ಗೊತ್ತಿದ್ದವರ ಮನೆಯಲ್ಲಿ ಯಾರು ಹೊರಟರೂ ನನಗೊಂದು ಫೋನ್ ಬರುತ್ತದೆ. ಮೆಸೇಜಿನಲ್ಲಿ, ಶಾಲೆಯ ಗೇಟಿನ ಹತ್ತಿರ, ಬಸ್ಸಿನಲ್ಲಿ ಕೇಳಿದ ಪ್ರಶ್ನೆಗಳೇ ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದ್ದು, ಆಮೇಲೆ ತಲೆ ಕೆರೆದುಕೊಳ್ಳುವಂಥದ್ದು.

## ಹೊರಡುವ ಮೊದಲು

ಅಲ್ಲಿ ಏನಿರುತ್ತೆ? ಬರೀ ಫೋಟೋ ತೆಗೆಸಿಕೊಳ್ಳೋ ಜಾಗನಾ?

ಫೋಟೋ ಜಾಗವೂ ಹೌದು, ಅದಷ್ಟೇ ಅಲ್ಲ. ಗೋಡೆಯ ಮೇಲೆ ಚಿತ್ರಗಳಿರುತ್ತವೆ: ನೆಟ್ಟಗಿರುವ ಗೆರೆ ಸೊಟ್ಟ ಕಾಣುವುದು, ಅಲುಗಾಡದ ಚಿತ್ರ ತಿರುಗಿದಂತೆ ಕಾಣುವುದು, ಹೀಗೆ. ಒಳಗೆ ಹೋಗಿ ನಿಲ್ಲುವ ಕೋಣೆಗಳಿರುತ್ತವೆ: ಒಬ್ಬರು ದೈತ್ಯ, ಇನ್ನೊಬ್ಬರು ಕುಳ್ಳ ಆಗುವ ವಾರೆ ಕೋಣೆ, ತಲೆಕೆಳಗಾದ ಕೋಣೆ, ಕೊನೆಯೇ ಇಲ್ಲದ ಕನ್ನಡಿ ಕೋಣೆ, ಸುತ್ತಲೂ ತಿರುಗುವ ಸುರಂಗ. ಇದರ ಜೊತೆ ಕೈಯಲ್ಲಿ ಹಿಡಿದು ಆಡುವಂಥವು, ಅಂದರೆ ಕೆಲಿಡೋಸ್ಕೋಪು, ಮರದ ಒಗಟು, ತಿರುಗಿಸುವ ಚಕ್ರ.

ಕೈ ಹಾಕಿ ಕಲಿಯುವ ವಿಜ್ಞಾನ ಮ್ಯೂಸಿಯಂ ಹೊಸದೇನಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಅನ್ನು ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ ಶುರು ಮಾಡಿದ್ದು 1969ರಲ್ಲಿ. ಬರೀ ಕಣ್ಕಟ್ಟಿಗೇ ಮೀಸಲಾದ ಮ್ಯೂಸಿಯಂಗಳ ಭರಾಟೆ ಮಾತ್ರ ಈಚಿನದು. 2015ರಲ್ಲಿ ಕ್ರೊವೇಷ್ಯಾದ ಜಾಗ್ರೆಬ್‌ನಲ್ಲಿ ಮ್ಯೂಸಿಯಂ ಆಫ್ ಇಲ್ಯೂಷನ್ಸ್ ಬಾಗಿಲು ತೆರೆಯಿತು, ಆಮೇಲೆ ಅದು ಹಲವು ದೇಶಗಳಿಗೆ ಹರಡಿತು. ಇವತ್ತಿನ ಇಂಥ ಜಾಗಗಳು ಅರ್ಧ ವಿಜ್ಞಾನ, ಅರ್ಧ ಫೋಟೋ ಸ್ಟುಡಿಯೋ. ಯಾವ ಅರ್ಧಕ್ಕೆ ಹೋಗುತ್ತೀರಿ ಅನ್ನುವುದು ನಿಮಗೇ ಬಿಟ್ಟಿದ್ದು.

ನನ್ನ ಮಗಳಿಗೆ ಎರಡೂವರೆ ವರ್ಷ. ಈಗಲೇ ಹೋಗಬಹುದಾ, ಸ್ವಲ್ಪ ದೊಡ್ಡವಳಾಗಲಿ ಅಂತ ಕಾಯ್ಲಾ?

ಹೋಗಬಹುದು. ಆದರೆ ಅವಳು ನೋಡುವುದು ನೀವು ನೋಡುವ ಮ್ಯೂಸಿಯಂ ಅಲ್ಲ. ಎರಡೂವರೆ ವರ್ಷದವರಿಗೆ ಕನ್ನಡಿ, ಬಣ್ಣದ ದೀಪ, ಇಳಿಜಾರಿನ ನೆಲ ಇಷ್ಟೇ ಹಬ್ಬ. ಕನ್ನಡಿಯಲ್ಲಿ ಕಾಣುವುದು ತಾನೇ ಅಂತ ಮಕ್ಕಳಿಗೆ ಗೊತ್ತಾಗುವುದು ಸುಮಾರು ಒಂದೂವರೆಯಿಂದ ಎರಡು ವರ್ಷದ ನಡುವೆ. ಮೂಗಿನ ಮೇಲೆ ಗುಟ್ಟಾಗಿ ಬಣ್ಣದ ಚುಕ್ಕೆ ಇಟ್ಟು, ಕನ್ನಡಿ ನೋಡಿದ ಮಗು ತನ್ನ ಮೂಗು ಮುಟ್ಟಿಕೊಳ್ಳುತ್ತದಾ ಅಂತ ನೋಡುವ ಪರೀಕ್ಷೆ 1970ರ ದಶಕದಿಂದಲೂ ಇದೆ. ನಿಮ್ಮ ಮಗಳು ಆ ಹಂತ ದಾಟಿದ್ದಾಳೆ, ಹಾಗಾಗಿ ನೂರು 'ನಾನು'ಗಳನ್ನು ನೋಡಿ ಕುಣಿಯುತ್ತಾಳೆ.

'ಅರೆ, ಇದು ಹೇಗೆ?' ಅನ್ನುವ ಬೆರಗು ಬೇಕಾದರೆ ಐದು ತುಂಬಲಿ. ನನ್ನನ್ನು ಕೇಳಿದರೆ ಆರರಿಂದ ಒಂಬತ್ತು ಒಳ್ಳೆ ವಯಸ್ಸು. ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೂ ಕಾಯುತ್ತಾರೆ.

ಎಷ್ಟು ಹೊತ್ತು ಬೇಕು? ಯಾವಾಗ ಹೋದ್ರೆ ರಶ್ ಕಮ್ಮಿ?

ದೊಡ್ಡವರಷ್ಟೇ ಹೋದರೆ ಒಂದು ಗಂಟೆ ಸಾಕು. ಪುಟ್ಟ ಮಕ್ಕಳಿದ್ದರೆ ಒಂದೂವರೆ ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಆದರೆ ಕಣ್ಣಿಗೂ ತಲೆಗೂ ಸುಸ್ತು. ವಾರದ ದಿನ, ಬಾಗಿಲು ತೆಗೆದ ಕೂಡಲೇ ಹೋದರೆ ಒಳ್ಳೆಯದು. ಒಂದೊಂದು ಕೋಣೆಯಲ್ಲಿ ಒಂದೇ ಗುಂಪು ನಿಲ್ಲಬೇಕಾಗುತ್ತದೆ. ಹಿಂದೆ ಸಾಲು ಬೆಳೆದರೆ 'ಬೇಗ ಬೇಗ' ಅಂತ ಮಗುವನ್ನು ಎಳೆಯುವ ಹಾಗಾಗುತ್ತದೆ, ಅಲ್ಲಿಗೆ ಮಜಾ ಮುಗಿಯಿತು.

ಯಾವ ಬಟ್ಟೆ ಹಾಕಿಸಲಿ?

ಪ್ಯಾಂಟು ಅಥವಾ ಲೆಗ್ಗಿಂಗ್ಸ್. ಫ್ರಾಕು ಬೇಡ. ತಲೆಕೆಳಗಾದ ಕೋಣೆಯಲ್ಲಿ ಮಂಚ, ಮೇಜು, ಕುರ್ಚಿ ಎಲ್ಲ ಚಾವಣಿಗೆ ಅಂಟಿರುತ್ತವೆ. ನೀವು ನೆಲದ ಮೇಲೇ ನಿಂತು ಕೈ ಮೇಲೆತ್ತುತ್ತೀರಿ, ಫೋಟೋವನ್ನು ತಿರುಗಿಸಿದಾಗ ನೇತಾಡುವ ಹಾಗೆ ಕಾಣುತ್ತೀರಿ. ಈ ಆಟದಲ್ಲಿ ಗುಟ್ಟು ಬಿಟ್ಟುಕೊಡುವುದು ಬಟ್ಟೆ ಮತ್ತು ಕೂದಲು. ಸಡಿಲವಾದ ಫ್ರಾಕು, ದುಪಟ್ಟಾ, ಜಡೆ ಎಲ್ಲ ನೆಲದ ಕಡೆ ಇಳಿಬಿದ್ದಿರುತ್ತವೆ. ಫೋಟೋ ತಿರುಗಿಸಿದರೆ ಅವು ಪಾದದ ಕಡೆಗೆ, ಅಂದರೆ ಆಕಾಶಕ್ಕೆ ಮುಖ ಮಾಡಿರುತ್ತವೆ. ನನ್ನ ಮಗಳು ಎರಡೂ ಜಡೆಗಳ ತುದಿ ಹಿಡಿದು ತಲೆಯ ಮೇಲಕ್ಕೆ ನೆಟ್ಟಗೆ ಎಳೆದು ನಿಂತಿದ್ದಳು. ತಿರುಗಿಸಿದ ಫೋಟೋದಲ್ಲಿ ಜಡೆ ತಾನಾಗೇ ಜೋತುಬಿದ್ದ ಹಾಗಿದೆ. ಈ ಉಪಾಯ ಅವಳದೇ, ನಾನು ಹೇಳಿಕೊಟ್ಟಿದ್ದಲ್ಲ.

ಸಾಕ್ಸ್ ಮರೆಯಬೇಡಿ. ಕೆಲವು ಕೋಣೆಗಳಲ್ಲಿ ಚಪ್ಪಲಿ, ಶೂ ಬಿಚ್ಚಿಸುತ್ತಾರೆ. ಇಳಿಜಾರಿನ ನೆಲ ಇದ್ದಲ್ಲಿ ಮಾತ್ರ ಬರಿಗಾಲೇ ವಾಸಿ, ಸಾಕ್ಸ್ ಜಾರುತ್ತದೆ.

ಮಗುವಿನ ತಳ್ಳುಗಾಡಿ ಒಳಗೆ ಬಿಡ್ತಾರಾ?

ಬಿಟ್ಟರೂ ತರಬೇಡಿ. ಮೆಟ್ಟಿಲು, ವಾರೆ ನೆಲ, ಕಿರಿದಾದ ಕನ್ನಡಿ ದಾರಿ, ಎಲ್ಲಿ ತಳ್ಳುತ್ತೀರಿ? ಎದೆಗೆ ಕಟ್ಟಿಕೊಳ್ಳುವ ಚೀಲ ಸಾಕು.

## ಒಳಗೆ ಹೋದ ಮೇಲೆ

ತಿರುಗೋ ಸುರಂಗದ ಬಾಗಿಲಲ್ಲೇ ಮಗ ಅಳೋಕೆ ಶುರು ಮಾಡಿದ. ಎತ್ಕೊಂಡು ದಾಟಿಸಿಬಿಡ್ಲಾ?

ಬೇಡ. ಅಲ್ಲಿ ಆಗುವುದು ಇಷ್ಟು. ನೀವು ನಡೆಯುವ ಸೇತುವೆ ಅಲ್ಲಾಡುವುದೇ ಇಲ್ಲ. ಅದರ ಸುತ್ತ ಚುಕ್ಕೆ ಚುಕ್ಕೆ ಬಣ್ಣದ ಕೊಳವೆ ತಿರುಗುತ್ತದೆ. ಕಣ್ಣಿನ ತುಂಬ ಚಲನೆ ಕಂಡಾಗ ಮೆದುಳು, 'ಲೋಕ ತಿರುಗೋಕೆ ಸಾಧ್ಯವಿಲ್ಲ, ನಾನೇ ವಾಲುತ್ತಿರಬೇಕು' ಅಂದುಕೊಳ್ಳುತ್ತದೆ. ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತು ಅನ್ನಿಸುತ್ತದಲ್ಲ, ಅದೇ ಇದು. ದೊಡ್ಡವರೇ ಕಂಬಿ ಹಿಡಿದು ಓಲಾಡುತ್ತಾರೆ. ಮಗುವಿಗೆ ನಿಜವಾಗಿಯೂ ಬೀಳುತ್ತೇನೆ ಅನ್ನಿಸುತ್ತಿದೆ. 'ಏನೂ ಆಗಲ್ಲ' ಅಂದರೆ ಅವನಿಗೆ ಅನ್ನಿಸುತ್ತಿರುವುದನ್ನು ಸುಳ್ಳು ಅಂದ ಹಾಗೆ.

ನಾನು ಮಾಡುವುದು ಹೀಗೆ. ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು, ಸೇತುವೆಯ ಮೇಲೆ ಅಂಗೈ ಇಡಿಸುತ್ತೇನೆ. 'ಅಲ್ಲಾಡ್ತಿದೆಯಾ?' 'ಇಲ್ಲ.' ಈಗ ಕಣ್ಣು ಮುಚ್ಚಲು ಹೇಳುತ್ತೇನೆ. ತಿರುಗುವುದು ನಿಂತುಹೋಗುತ್ತದೆ. ತೆಗೆದರೆ ಮತ್ತೆ ಶುರು. ಅಕ್ಕನ ಮಗ ನಾಲ್ಕು ವರ್ಷದವನಿದ್ದಾಗ ಹೀಗೆ ಮುಚ್ಚಿ ತೆಗೆದು, ಮುಚ್ಚಿ ತೆಗೆದು ಹತ್ತು ನಿಮಿಷ ಅಲ್ಲೇ ಕೂತ. 'ಸ್ವಿಚ್ಚು ನನ್ನ ಕಣ್ಣಲ್ಲಿದೆ' ಅಂದ. ಆವತ್ತು ಅವನು ಸುರಂಗ ದಾಟಲೇ ಇಲ್ಲ. ದಾಟಿದವರಿಗಿಂತ ಜಾಸ್ತಿ ತಿಳಿದುಕೊಂಡು ಬಂದ ಅಂತ ನನ್ನ ಲೆಕ್ಕ.

ತಲೆ ಸುತ್ತಿ ವಾಂತಿ ಬಂದ್ರೆ?

ಕಣ್ಣು ಒಂದು ಹೇಳುತ್ತದೆ, ಒಳಕಿವಿಯಲ್ಲಿರುವ ಸಮತೋಲದ ಅಂಗ ಇನ್ನೊಂದು ಹೇಳುತ್ತದೆ. ಆ ಜಗಳದಿಂದಲೇ ವಾಕರಿಕೆ. ಬಸ್ಸು, ಕಾರಿನಲ್ಲಿ ಆಗುವುದೂ ಇದೇ. ಎರಡು ವರ್ಷದೊಳಗಿನವರಿಗೆ ಇದು ಅಪರೂಪ, ಎರಡರಿಂದ ಹನ್ನೆರಡರವರೆಗೆ ಜಾಸ್ತಿ. ಪ್ರಯಾಣದಲ್ಲಿ ವಾಂತಿ ಮಾಡಿಕೊಳ್ಳುವ ಮಗುವಾದರೆ ಹೊಟ್ಟೆ ತುಂಬ ತಿನ್ನಿಸಿ ಕರೆದೊಯ್ಯಬೇಡಿ, ಸುರಂಗ ಮತ್ತು ವಾರೆ ಕೋಣೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮುಖ ಬಿಳಿಚಿಕೊಂಡರೆ, ಮಾತು ಕಮ್ಮಿಯಾದರೆ, ಸುಮ್ನೆ ಆಕಳಿಸುತ್ತಿದ್ದರೆ ಅದೇ ಮುನ್ಸೂಚನೆ. ಬಯಲಿಗೆ ಕರೆತಂದು ದೂರದ, ಅಲುಗಾಡದ ಏನನ್ನಾದರೂ ನೋಡಲು ಹೇಳಿ. ಒಂದು ಪ್ಲಾಸ್ಟಿಕ್ ಕವರ್ ಜೇಬಿನಲ್ಲಿರಲಿ. ಚೀಲದ ತಳದಲ್ಲಿ ಇಟ್ಟುಕೊಂಡು ಹುಡುಕಿದ ಅನುಭವ ನನಗಾಗಿದೆ, ವಿವರ ಬೇಡ.

ಮಗುವಿಗೆ ಒಂದು ಸಲ ಫಿಟ್ಸ್ ಬಂದಿತ್ತು. ಹೋಗಬಹುದಾ?

ಮೊದಲು ಮಗುವನ್ನು ನೋಡುವ ಡಾಕ್ಟರನ್ನೇ ಕೇಳಿ. ಫಿಟ್ಸ್ ಇರುವ ಎಲ್ಲರಿಗೂ ಬೆಳಕಿನಿಂದ ತೊಂದರೆ ಆಗುವುದಿಲ್ಲ, ಅಂಥವರು 100ಕ್ಕೆ ಸುಮಾರು 3 ಮಂದಿ. ಆದರೆ ಆ ಪೈಕಿ ಮಕ್ಕಳು, ಹದಿಹರೆಯದವರೇ ಜಾಸ್ತಿ. ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಅಪಾಯದ್ದು. ದಟ್ಟ ಕಪ್ಪು ಬಿಳುಪು ಪಟ್ಟೆಗಳೂ ಕೆಲವರಿಗೆ ಆಗಿಬರುವುದಿಲ್ಲ, ಇಂಥ ಮ್ಯೂಸಿಯಂಗಳಲ್ಲಿ ಆ ಪಟ್ಟೆಗಳು ಗೋಡೆ ತುಂಬ ಇರುತ್ತವೆ. ಟಿಕೆಟ್ ಕೊಳ್ಳುವಾಗಲೇ 'ಮಿನುಗುವ ದೀಪ ಎಲ್ಲೆಲ್ಲಿದೆ?' ಅಂತ ಕೇಳಿ, ಆ ಕೋಣೆಗಳನ್ನು ಬಿಟ್ಟುಬಿಡಿ.

ಎದುರಿಗೆ ದಿಢೀರಂತ ದೀಪ ಮಿನುಗತೊಡಗಿದರೆ ಸುಮ್ನೆ ಕಣ್ಣು ಮುಚ್ಚಿಸುವುದು ಸಾಲದು, ರೆಪ್ಪೆಯ ಮೂಲಕವೂ ಬೆಳಕು ತೂರುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖ ಬೇರೆ ಕಡೆ ತಿರುಗಿಸಿ, ಹೊರಗೆ ಬನ್ನಿ.

ನಮ್ಮ ಮಗನಿಗೆ ಆಟಿಸಂ ಇದೆ. ಗಲಾಟೆ, ಬೆಳಕು ತಡಿಯಲ್ಲ. ಅವನಿಗೆ ಇದು ಶಿಕ್ಷೆ ಆಗಲ್ವಾ?

ಆಗಬಹುದು, ತುಂಬ ಖುಷಿಯೂ ಆಗಬಹುದು. ತಿರುಗುವ ಚಕ್ರ, ಮರುಕಳಿಸುವ ನಮೂನೆಗಳನ್ನು ಗಂಟೆಗಟ್ಟಲೆ ನೋಡುವ ಮಕ್ಕಳಿದ್ದಾರೆ. ಮೊದಲೇ ನೀವೊಬ್ಬರೇ ಹೋಗಿ ನೋಡಿ ಬರಲು ಆದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗದಿದ್ದರೆ ಒಳಗಿನ ಫೋಟೋಗಳನ್ನು ಮನೆಯಲ್ಲಿ ತೋರಿಸಿ, ಯಾವ ಕೋಣೆ ಆದಮೇಲೆ ಯಾವುದು ಅಂತ ಹೇಳಿಡಿ. ಕಿವಿ ಮುಚ್ಚುವ ಹೆಡ್‌ಫೋನ್ ಇರಲಿ. ಹೊರಗೆ ಬರುವ ದಾರಿ ಎಲ್ಲಿದೆ ಅಂತ ಹೋದ ಕೂಡಲೇ ತೋರಿಸಿಬಿಡಿ. ಬಾಗಿಲು ಗೊತ್ತಿದ್ದರೆ ಧೈರ್ಯ.

ಎಲ್ಲಾನೂ ಮುಟ್ಟಬಹುದಾ?

ಬಹುಪಾಲು ಮುಟ್ಟುವುದಕ್ಕೇ ಇರುವುದು. ಗೋಡೆಗೆ ಹಾಕಿದ ಹೊಲೊಗ್ರಾಂ ಮತ್ತು ಕನ್ನಡಿಗಳ ಮೇಲೆ ಮಾತ್ರ ಕೈ ಬೇಡ. ಒಂದು ಬೆರಳಿನ ಗುರುತು ಕನ್ನಡಿ ಕೋಣೆಯಲ್ಲಿ ನೂರಾಗುತ್ತದೆ.

ಕನ್ನಡಿ ದಾರಿಯಲ್ಲಿ ಮಗ ಹಣೆ ಚಚ್ಚಿಕೊಂಡ. ಹೇಗೆ ತಪ್ಪಿಸೋದು?

ಒಂದೇ ನಿಯಮ: ಓಡಬಾರದು, ಒಂದು ಕೈ ಯಾವಾಗಲೂ ಮುಂದೆ. 'ನಾವು ಕುರುಡು ಆಮೆಗಳು' ಅಂತ ಆಟ ಕಟ್ಟಿದರೆ ತಾವಾಗೇ ನಿಧಾನವಾಗುತ್ತಾರೆ. ದಾರಿ ಹುಡುಕಲು ನೆಲ ನೋಡಲು ಹೇಳಿ. ಕನ್ನಡಿ ನೆಲಕ್ಕೆ ಸೇರುವಲ್ಲಿ ಸಣ್ಣ ಗೆರೆ ಕಾಣುತ್ತದೆ, ನಿಜವಾದ ದಾರಿಯಲ್ಲಿ ಅದು ಇರುವುದಿಲ್ಲ.

ಬೇರೆಯವರ ಫೋಟೋ ಸೂಪರ್ ಆಗಿರುತ್ತೆ. ನಮ್ಮದು ಯಾಕೆ ಸಪ್ಪೆ?

ನಿಂತ ಜಾಗ ತಪ್ಪಿರುತ್ತದೆ. ಇಲ್ಲಿನ ಹೆಚ್ಚಿನ ಕೋಣೆಗಳನ್ನು ಒಂದೇ ಒಂದು ಬಿಂದುವಿನಿಂದ ನೋಡಿದರೆ ಸರಿ ಕಾಣುವ ಹಾಗೆ ಕಟ್ಟಿರುತ್ತಾರೆ. ನೆಲದ ಮೇಲೆ ಪಾದದ ಗುರುತೋ ಕ್ಯಾಮೆರಾ ಚಿತ್ರವೋ ಇರುತ್ತದೆ. ಅಲ್ಲೇ ನಿಲ್ಲಿ, ಒಂದು ಹೆಜ್ಜೆ ಆಚೀಚೆ ಆದರೂ ಗುಟ್ಟು ರಟ್ಟು. ಫ್ಲಾಶ್ ಆಫ್ ಮಾಡಿ, ಇಲ್ಲದಿದ್ದರೆ ನೆರಳು ಎಲ್ಲವನ್ನೂ ಹೇಳಿಬಿಡುತ್ತದೆ.

ಇನ್ನೊಂದು ಮಾತು, ಕೇಳದೇ ಇದ್ದರೂ ಹೇಳುತ್ತೇನೆ. ಎಲ್ಲ ಕೋಣೆಯಲ್ಲೂ ಫೋಟೋ ತೆಗೆಯಬೇಡಿ. ಮೂರು ಆರಿಸಿಕೊಳ್ಳಿ. ಕ್ಯಾಮೆರಾ ಮಗುವಿನ ಕೈಗೂ ಒಂದು ಸಲ ಕೊಡಿ. ವಾರೆ ಕೋಣೆಯಲ್ಲಿ ಅಪ್ಪ ಕುಳ್ಳ ಆಗಿದ್ದನ್ನು ನೋಡಿ ಸಿಗುವ ಖುಷಿ, ತಾನೇ ಅದರೊಳಗೆ ನಿಂತಾಗ ಮಗುವಿಗೆ ಸಿಗುವುದಿಲ್ಲ. ಒಳಗೆ ನಿಂತವರಿಗೆ ಕಾಣುವುದು ಬರೀ ಸೊಟ್ಟ ನೆಲ.

## ಕಾಣೋದು, ಕಾಣದೇ ಇರೋದು

ಎಲ್ಲರಿಗೂ ಕಾಣ್ತಿದೆ, ನನ್ನ ಮಗನಿಗೆ ಮಾತ್ರ ಕಾಣಲ್ಲ ಅಂತಾನೆ. ಬುದ್ಧಿ ಕಮ್ಮಿನಾ?

ಖಂಡಿತ ಅಲ್ಲ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಯಾಕೆಂದರೆ ಬಹಳ ಸಲ ಮಗುವೇ ಸರಿ.

ಎಬ್ಬಿಂಗ್‌ಹೌಸ್ ಚಿತ್ರ ನೋಡಿರುತ್ತೀರಿ. ಒಂದೇ ಅಳತೆಯ ಎರಡು ವೃತ್ತ. ಒಂದರ ಸುತ್ತ ದೊಡ್ಡ ವೃತ್ತಗಳು, ಇನ್ನೊಂದರ ಸುತ್ತ ಸಣ್ಣವು. ನಮಗೆ ಎರಡನೆಯದು ದೊಡ್ಡದಾಗಿ ಕಾಣುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಾರ್ಟಿನ್ ಡೊಹರ್ಟಿ ಮತ್ತು ಜೊತೆಗಾರರು ನಾಲ್ಕು ವರ್ಷದ ಮಕ್ಕಳಿಂದ ದೊಡ್ಡವರ ತನಕ ಎಲ್ಲರನ್ನೂ ಪರೀಕ್ಷಿಸಿದರು. ಏಳಕ್ಕಿಂತ ಸಣ್ಣವರು ಮೋಸ ಹೋದದ್ದು ತುಂಬ ಕಮ್ಮಿ, ದೊಡ್ಡವರು ಚೆನ್ನಾಗಿ ಮೋಸ ಹೋದರು. ಸುತ್ತಮುತ್ತಲಿನದನ್ನೂ ಸೇರಿಸಿ ನೋಡುವ ಅಭ್ಯಾಸ ನಮಗೆ ಬೆಳೆಯುತ್ತಾ ಬರುತ್ತದೆ. ಪುಟ್ಟ ಮಕ್ಕಳು ಹೆಚ್ಚಾಗಿ ವೃತ್ತವನ್ನಷ್ಟೇ ನೋಡುತ್ತಾರೆ. ನಾಲ್ಕು ವರ್ಷದ ನನ್ನ ಮಗಳು ಆ ಚಿತ್ರದ ಮುಂದೆ ನಿಂತು 'ಎರಡೂ ಒಂದೇ, ಇದರಲ್ಲೇನಿದೆ' ಅಂದು ಮುಂದೆ ಹೋಗಿದ್ದಳು.

ಹೂಜಿಯೋ ಎರಡು ಮುಖವೋ ಅನ್ನುವ ಚಿತ್ರದ ಕತೆ ಬೇರೆ. ಡೆನ್ಮಾರ್ಕಿನ ಎಡ್ಗರ್ ರೂಬಿನ್ 1915ರಲ್ಲಿ ಪ್ರಸಿದ್ಧಿಗೆ ತಂದದ್ದು. ಮೂರು ನಾಲ್ಕು ವರ್ಷದವರಿಗೆ ಅದು ತಾನಾಗಿ ಬದಲಾಗುವುದಿಲ್ಲ. ಹೂಜಿ ಅಂದರೆ ಹೂಜಿಯೇ. ಒಂದೇ ಚಿತ್ರ ಎರಡು ವಸ್ತು ಆಗಬಹುದು ಅನ್ನುವುದೇ ಅವರಿಗಿನ್ನೂ ಹೊಸದು. ಬೆರಳಿಟ್ಟು 'ಇದು ಮೂಗು, ಇದು ಗಲ್ಲ' ಅಂತ ತೋರಿಸಿದರೆ ಕೆಲವರಿಗೆ ತಟ್ಟನೆ ಹೊಳೆಯುತ್ತದೆ. ಹೊಳೆಯದಿದ್ದರೆ ಬಿಡಿ. 'ಸರಿಯಾಗಿ ನೋಡು' ಅಂತ ಒತ್ತಾಯ ಮಾಡಿದರೆ, ಕಾಣದಿದ್ದರೂ 'ಹೂಂ, ಕಾಣ್ತು' ಅನ್ನುವುದನ್ನು ಕಲಿಯುತ್ತಾರೆ, ಅಷ್ಟೇ.

ವಾರೆ ಕೋಣೆಯ ಗುಟ್ಟನ್ನ ಐದು ವರ್ಷದವನಿಗೆ ಹೇಗೆ ಹೇಳೋದು?

ಹೇಳಬೇಡಿ, ನಡೆಸಿ. ಈ ಕೋಣೆಗೆ ಏಮ್ಸ್ ಕೋಣೆ ಅಂತ ಹೆಸರು. ಅಮೆರಿಕದ ಅಡೆಲ್ಬರ್ಟ್ ಏಮ್ಸ್ ವಕೀಲಿ ಓದಿ, ಚಿತ್ರಕಾರನಾಗಿ, ಕೊನೆಗೆ ಕಣ್ಣಿನ ವಿಜ್ಞಾನಕ್ಕೆ ಬಂದವರು. ಅವರ ಕೋಣೆಯ ಒಂದು ಮೂಲೆ ಇನ್ನೊಂದಕ್ಕಿಂತ ತುಂಬ ದೂರ ಇರುತ್ತದೆ, ಅಲ್ಲಿ ನೆಲ ತಗ್ಗು, ಚಾವಣಿ ಎತ್ತರ. ಆದರೆ ಕಿಟಕಿ, ಟೈಲ್ಸ್ ಎಲ್ಲವನ್ನೂ ಅಳೆದು ಸೊಟ್ಟ ಮಾಡಿರುವುದರಿಂದ ನೋಡಲೆಂದೇ ಮಾಡಿರುವ ಒಂದು ತೂತಿನಿಂದ ಚೌಕದ ಕೋಣೆಯ ಹಾಗೇ ಕಾಣುತ್ತದೆ. ಎರಡೂ ಮೂಲೆ ಒಂದೇ ದೂರ ಅಂತ ನಂಬಿದ ಮೇಲೆ, ದೂರ ನಿಂತವರು ಚಿಕ್ಕವರು ಅನ್ನದೆ ಮೆದುಳಿಗೆ ಬೇರೆ ದಾರಿ ಇಲ್ಲ.

ಮಗುವಿಗೆ ಹೆಜ್ಜೆ ಎಣಿಸಲು ಹೇಳಿ. ತೂತಿನಿಂದ ಹತ್ತಿರದ ಮೂಲೆಗೆ ಎಷ್ಟು ಹೆಜ್ಜೆ, ದೂರದ ಮೂಲೆಗೆ ಎಷ್ಟು? ಗುಟ್ಟು ಕಾಲಿಗೆ ಗೊತ್ತಾಗುತ್ತದೆ. ಒಂದು ಚೆಂಡು ಬಿಟ್ಟು ನೋಡಿ, ಸಪಾಟು ಅನ್ನಿಸಿದ ನೆಲದ ಮೇಲೆ ಅದು ತಾನಾಗೇ ಉರುಳುತ್ತದೆ. ಅದಕ್ಕಿಂತ ದೊಡ್ಡ ಪಾಠ ಬೇಕಾ?

ಕನ್ನಡಿ ಮೇಜಿನ ಸುತ್ತ ಐದಾರು ಜನ ನಾನೇ ಕೂತಿದ್ದೆ! ಎಷ್ಟು 'ನಾನು' ಅಂತ ಲೆಕ್ಕ ಇದೆಯಾ?

ಇದೆ, ಸುಲಭ. ಮೇಜಿನ ಬದಿಗೆ ನಿಲ್ಲಿಸಿರುವ ಎರಡು ಕನ್ನಡಿಗಳ ನಡುವಿನ ಕೋನದಿಂದ 360ನ್ನು ಭಾಗಿಸಿ, ಒಂದು ಕಳೆಯಿರಿ. 90 ಡಿಗ್ರಿ ಇದ್ದರೆ 3 ಬಿಂಬ, 60 ಇದ್ದರೆ 5, 45 ಇದ್ದರೆ 7. ಕೋನ ಕಿರಿದಾದಷ್ಟೂ ಜನ ಜಾಸ್ತಿ. ಎದುರುಬದುರು ಇಟ್ಟರೆ ಲೆಕ್ಕವೇ ಇಲ್ಲ, ಸಾಲು ಮುಗಿಯುವುದಿಲ್ಲ. ಕೆಲಿಡೋಸ್ಕೋಪಿನ ಕೆಲಸವೂ ಇಷ್ಟೇ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1816ರಲ್ಲಿ ಕಂಡುಹಿಡಿದು ಮರುವರ್ಷ ಪೇಟೆಂಟ್ ಪಡೆದರು.

ಮಕ್ಕಳ ಕೈಯಲ್ಲಿ ಎರಡು ಪರೀಕ್ಷೆ ಮಾಡಿಸಿ. 90 ಡಿಗ್ರಿ ಮೂಲೆಯ ಮುಂದೆ ನಿಂತು ನಡುವಿನ ಬಿಂಬವನ್ನು ನೋಡಲಿ. ಅಂಗಿಯ ಮೇಲಿನ ಅಕ್ಷರ ಅಲ್ಲಿ ಉಲ್ಟಾ ಇರುವುದಿಲ್ಲ, ನೆಟ್ಟಗೆ ಓದಬಹುದು. ಎರಡು ಸಲ ತಿರುಗಿದ್ದು ಸರಿಯಾಯಿತು. ಇನ್ನೊಂದು, ಎದುರುಬದುರು ಕನ್ನಡಿಯ ಸಾಲಿನಲ್ಲಿ ದೂರದ 'ನಾನು' ಯಾವ ಬಣ್ಣ? ಮಂಕಾಗುತ್ತಾ ಹಸಿರು ತಿರುಗಿರುತ್ತದೆ. ಮಾಮೂಲಿ ಗಾಜಿನಲ್ಲಿ ಹಸಿರಿನ ಛಾಯೆ ಇರುತ್ತದೆ, ಬೆಳಕು ಹತ್ತಾರು ಸಲ ಹಾದುಹೋದ ಮೇಲೆ ಅದು ಎದ್ದು ಕಾಣುತ್ತದೆ.

ಗೋಡೆ ಮೇಲಿನ ಮುಖ ನಾನು ಹೋದಲ್ಲೆಲ್ಲ ತಿರುಗಿ ನೋಡುತ್ತೆ. ಮಗಳು ಹೆದರಿದ್ಲು. ಮೋಟಾರ್ ಇದೆಯಾ?

ಇಲ್ಲ. ಅದು ಒಳಕ್ಕೆ ತಗ್ಗಾದ ಮುಖ, ಮುಖವಾಡದ ಹಿಂಬದಿ ಅಂದುಕೊಳ್ಳಿ. ಹುಟ್ಟಿದಾಗಿನಿಂದ ನೋಡಿದ ಮುಖಗಳೆಲ್ಲ ಹೊರಕ್ಕೆ ಉಬ್ಬಿದವೇ. ಅದಕ್ಕೇ ಮೆದುಳು ತಗ್ಗನ್ನು ಉಬ್ಬು ಅಂತ ಓದಿಬಿಡುತ್ತದೆ. ಹಾಗೆ ಓದಿದ ಮೇಲೆ, ನೀವು ನಡೆದಾಗ ಕಾಣುವ ಬದಲಾವಣೆಗೆ ಉಳಿಯುವ ಅರ್ಥ ಒಂದೇ, ಮುಖ ತಿರುಗಿತು. ಮಗಳ ಹೆದರಿಕೆ ಹೋಗಬೇಕಾದರೆ ಎತ್ತಿಕೊಂಡು ತೀರಾ ಹತ್ತಿರ ಹೋಗಿ. ಎರಡೂ ಕಣ್ಣು ತೆರೆದು ನೋಡಿದರೆ ಅಲ್ಲಿ ಬರೀ ಬೋಗುಣಿ ಕಾಣುತ್ತದೆ. ಹಿಂದೆ ಹಿಂದೆ ಬನ್ನಿ, ಮುಖ ಮತ್ತೆ ಪಟಕ್ಕನೆ ಉಬ್ಬುತ್ತದೆ.

ಚಿತ್ರದೊಳಗೆ ಅಡಗಿರೋ ಮೂರು ಆಯಾಮದ ಆಕಾರ ಮಗನಿಗೆ ಕಾಣಲೇ ಇಲ್ಲ. ಕಣ್ಣು ತೋರಿಸಬೇಕಾ?

ಅದೊಂದೇ ಕಾರಣಕ್ಕೆ ಗಾಬರಿ ಬೇಡ. ಚುಕ್ಕೆ ಚುಕ್ಕೆ ಚಿತ್ರದ ಆಚೆಗೆ ದೃಷ್ಟಿ ಹರಿಸುವ ಕಸರತ್ತು ದೊಡ್ಡವರಿಗೇ ಬರುವುದಿಲ್ಲ, ನನಗೂ ಬಂದಿಲ್ಲ. ಆದರೆ ಕೆಂಪು ನೀಲಿ ಕನ್ನಡಕ ಹಾಕಿಕೊಂಡರೂ ಚಿತ್ರ ಎದ್ದು ಬರದಿದ್ದರೆ, ಅಥವಾ ಮಗು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರೆ, ಟಿವಿಗೆ ಅಂಟಿಕೊಂಡು ಕೂರುತ್ತಿದ್ದರೆ ಒಮ್ಮೆ ತೋರಿಸಿ. ಎರಡು ಕಣ್ಣಿನ ಚಿತ್ರಗಳ ಸಣ್ಣ ವ್ಯತ್ಯಾಸದಿಂದಲೇ ಆಳ ತಿಳಿಯುವುದು, ಇದನ್ನು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುವ ತನ್ನ ಸ್ಟೀರಿಯೋಸ್ಕೋಪಿನಿಂದ ತೋರಿಸಿಕೊಟ್ಟರು. ಒಂದು ಕಣ್ಣು ಸೋಮಾರಿಯಾಗಿದ್ದರೆ ಆ ಆಳ ಸಿಗುವುದಿಲ್ಲ. ಅಂಥ ಕಣ್ಣಿಗೆ ಏಳು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಜಾಸ್ತಿ.

ಬಣ್ಣದ ಚುಕ್ಕೆಗಳ ನಡುವೆ ಅಂಕಿ ಕಾಣದಿದ್ದರೆ ಅದು ಬೇರೆ ವಿಷಯ, ಬಣ್ಣಗುರುಡು ಇರಬಹುದು. ಹುಡುಗರಲ್ಲಿ ಹುಡುಗಿಯರಿಗಿಂತ ತುಂಬ ಜಾಸ್ತಿ.

## ಇನ್ನೂ ಒಂದು ಹೆಜ್ಜೆ ಮುಂದೆ

ಸ್ಕೇಲ್ ಇಟ್ಟು ಅಳೆದೆ, ಎರಡೂ ಗೆರೆ ಒಂದೇ ಉದ್ದ. ಆದ್ರೂ ಮತ್ತೆ ನೋಡಿದ್ರೆ ಒಂದು ಉದ್ದನೇ ಕಾಣುತ್ತೆ. ಗೊತ್ತಾದ ಮೇಲೂ ಯಾಕೆ?

ತುದಿಯಲ್ಲಿ ಬಾಣದ ರೆಕ್ಕೆಗಳಿರುವ ಗೆರೆ ತಾನೇ? ಮ್ಯೂಲರ್-ಲೈಯರ್ ಚಿತ್ರ, 1889ರದ್ದು. ನೋಡುವ ಕೆಲಸ ಮೆದುಳಿನಲ್ಲಿ ತುಂಬ ಬೇಗ, ತನ್ನ ಪಾಡಿಗೆ ನಡೆದುಹೋಗುತ್ತದೆ. ನೀವು ಸ್ಕೇಲ್ ಇಟ್ಟು ತಿಳಿದುಕೊಂಡದ್ದನ್ನು ಅದು ಕೇಳಿಸಿಕೊಳ್ಳುವುದಿಲ್ಲ. ಯಾಕೆ ಹಾಗೆ ಕಾಣುತ್ತದೆ ಅನ್ನುವುದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಗೋಡೆ ಮೂಲೆಗಳ ನಡುವೆ ಬದುಕಿ ಬದುಕಿ, ಅಂಥ ರೆಕ್ಕೆಗಳನ್ನು ಹತ್ತಿರದ ಮೂಲೆ, ದೂರದ ಮೂಲೆ ಅಂತ ಓದುತ್ತೇವೆ ಅನ್ನುವುದು ಒಂದು ವಾದ. ಬೇರೆ ಬೇರೆ ಸಮಾಜಗಳ ಜನ ಈ ಚಿತ್ರಕ್ಕೆ ಒಂದೇ ಪ್ರಮಾಣದಲ್ಲಿ ಮೋಸ ಹೋಗುವುದಿಲ್ಲ ಅಂತ 1966ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ತೋರಿಸಿತು. ವಾದ ಇನ್ನೂ ಮುಗಿದಿಲ್ಲ.

ಕಪ್ಪು ಬಿಳಿ ಟೈಲ್ಸ್ ಗೋಡೆ ಸೊಟ್ಟಗೆ ಕಾಣುತ್ತಲ್ಲ, ಅದನ್ನ ಯಾರಾದ್ರೂ ಕೂತು ಯೋಚಿಸಿ ಮಾಡಿದ್ದಾ?

ಇಲ್ಲ, ಬೀದಿಯಲ್ಲಿ ಸಿಕ್ಕಿದ್ದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಒಂದು ಕಾಫಿ ಅಂಗಡಿಯ ಹೊರಗೋಡೆಗೆ ಅಂಥ ಟೈಲ್ಸ್ ಇತ್ತು. ನೋಟದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಮನೋವಿಜ್ಞಾನಿ ರಿಚರ್ಡ್ ಗ್ರೆಗರಿ ಅವರ ಪ್ರಯೋಗಾಲಯದವರ ಕಣ್ಣಿಗೆ ಬಿದ್ದು, 1979ರಲ್ಲಿ ಅದರ ಬಗ್ಗೆ ಪ್ರಬಂಧ ಬಂತು. ಟೈಲ್ಸ್ ಸಾಲುಗಳು ಒಂದಕ್ಕೊಂದು ಸ್ವಲ್ಪ ಸರಿದಿರಬೇಕು. ನಡುವಿನ ಗಾರೆಯ ಗೆರೆ ಕಪ್ಪಿಗೂ ಬಿಳುಪಿಗೂ ಮಧ್ಯದ ಬೂದು ಬಣ್ಣದ್ದಾಗಿರಬೇಕು. ಆ ಬೂದು ತೆಗೆದುಬಿಟ್ಟರೆ ಆಟ ಕೆಡುತ್ತದೆ. ಮಕ್ಕಳಿಗೆ ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರದಿಂದ, ಗೆರೆಯ ಉದ್ದಕ್ಕೆ ನೋಡಲು ಹೇಳಿ. ಬಡಗಿ ಮರದ ಹಲಗೆ ನೆಟ್ಟಗಿದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಹಾಗೆ. ಗೆರೆ ನೆಟ್ಟಗಾಗುತ್ತದೆ.

'ಹಾಗಾದ್ರೆ ಕಣ್ಣು ಸುಳ್ಳು ಹೇಳುತ್ತಾ?' ಅಂತ ಮಗಳು ಕೇಳಿದ್ಲು. ಏನು ಹೇಳ್ಲಿ?

'ಕಣ್ಣು ಊಹೆ ಮಾಡುತ್ತೆ' ಅನ್ನಿ. ಚೌಕಳಿ ಹಲಗೆಯ ಮೇಲೆ ಕಂಬದ ನೆರಳು ಬಿದ್ದಿರುವ ಚಿತ್ರ ಬಹಳ ಮ್ಯೂಸಿಯಂಗಳಲ್ಲಿದೆ, ಎಡ್ವರ್ಡ್ ಏಡೆಲ್‌ಸನ್ 1995ರಲ್ಲಿ ಮಾಡಿದ್ದು. ನೆರಳಿನೊಳಗಿನ 'ಬಿಳಿ' ಮನೆ ಮತ್ತು ಹೊರಗಿನ 'ಕಪ್ಪು' ಮನೆ ಎರಡೂ ಒಂದೇ ಬೂದು. ನಂಬಿಕೆ ಬಾರದಿದ್ದರೆ ಒಂದು ಕಾಗದದಲ್ಲಿ ಎರಡು ತೂತು ಮಾಡಿ, ಆ ಎರಡೇ ಮನೆ ಕಾಣುವ ಹಾಗೆ ಹಿಡಿಯಿರಿ.

ಇಲ್ಲಿ ಕಣ್ಣು ತಪ್ಪು ಮಾಡಿತಾ? 'ನೆರಳಲ್ಲಿದೆ, ಅಂದರೆ ನಿಜವಾಗಿ ಇನ್ನೂ ಬೆಳ್ಳಗಿರಬೇಕು' ಅಂತ ಅದು ಲೆಕ್ಕ ಹಾಕಿತು. ಹೊರಗಿನ ಲೋಕದಲ್ಲಿ ಈ ಲೆಕ್ಕವೇ ಸರಿ. ಅದಿಲ್ಲದಿದ್ದರೆ ಮರದ ನೆರಳಿಗೆ ಬಂದಾಗಲೆಲ್ಲ ಅಮ್ಮನ ಸೀರೆಯ ಬಣ್ಣ ಬದಲಾಗುತ್ತಿತ್ತು.

ಮನೆಗೆ ಬಂದ ಮೇಲೂ ಕೇಳ್ತಾನೇ ಇದ್ದಾರೆ. ಮನೆಯಲ್ಲಿ ಏನು ಮಾಡಿಸಬಹುದು?

ರಟ್ಟಿನ ಬಿಲ್ಲೆಯ ಒಂದು ಕಡೆ ಹಕ್ಕಿ, ಇನ್ನೊಂದು ಕಡೆ ಪಂಜರ ಬರೆಯಿರಿ. ಹಕ್ಕಿಯನ್ನು ಪಂಜರಕ್ಕೆ ತಲೆಕೆಳಗಾಗಿ ಬರೆಯಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಎಡಕ್ಕೆ ಬಲಕ್ಕೆ ದಾರ ಕಟ್ಟಿ ಹೊಸೆದರೆ ಹಕ್ಕಿ ಪಂಜರದೊಳಗೆ ಕೂರುತ್ತದೆ. 1820ರ ದಶಕದಲ್ಲಿ ಲಂಡನ್ನಿನಲ್ಲಿ ಇದು ದುಡ್ಡಿಗೆ ಮಾರುವ ಆಟಿಕೆ ಆಗಿತ್ತು.

ಇನ್ನೊಂದು ಇನ್ನೂ ಸುಲಭ. ದಟ್ಟ ಕೆಂಪು ಬಣ್ಣದ ಮೀನು ಬರೆದು, ಅದರ ಕಣ್ಣನ್ನೇ 30 ಎಣಿಸುವವರೆಗೆ ದಿಟ್ಟಿಸಿ, ಆಮೇಲೆ ಬಿಳಿ ಗೋಡೆ ನೋಡಿ. ತಿಳಿ ಹಸಿರು-ನೀಲಿ ಮೀನು ತೇಲುತ್ತದೆ. ಕೆಂಪನ್ನು ಹಿಡಿಯುವ ಕೋಶಗಳು ದಣಿದು ಸುಮ್ಮನಾಗಿರುತ್ತವೆ, ಉಳಿದವು ಮಾತಾಡುತ್ತವೆ. ಎಣಿಸುವಾಗ ನಗಿಸಬಾರದು, ಕಣ್ಣು ಕದಲಿದರೆ ಮೀನು ಬರುವುದಿಲ್ಲ.

ಒಂದು ಸಲ ಹೋದ್ರೆ ಗುಟ್ಟೆಲ್ಲ ಗೊತ್ತಾಗುತ್ತೆ. ಮತ್ತೆ ಹೋದ್ರೆ ಬೋರ್ ಆಗಲ್ವಾ?

ಮುಂದಿನ ತಿಂಗಳೇ ಹೋದರೆ ಆಗುತ್ತದೆ. ಎರಡು ಮೂರು ವರ್ಷ ಬಿಟ್ಟು ಹೋಗಿ. ಎಂಟು ವರ್ಷ ತುಂಬಿದ ಮೇಲೆ ಮಗಳನ್ನು ಅದೇ ಮ್ಯೂಸಿಯಂಗೆ ಮತ್ತೆ ಕರೆದುಕೊಂಡು ಹೋಗಿದ್ದೆ. ಎಬ್ಬಿಂಗ್‌ಹೌಸ್ ವೃತ್ತಗಳ ಮುಂದೆ ನಿಂತಳು. ತಲೆ ವಾಲಿಸಿದಳು. ಬೆರಳಿನಿಂದ ಗಾಳಿಯಲ್ಲೇ ಅಳೆದಳು. 'ಅಮ್ಮ, ಇವರು ಚಿತ್ರ ಬದಲಾಯಿಸಿದ್ದಾರೆ. ಆವತ್ತು ಎರಡೂ ಒಂದೇ ಇತ್ತು' ಅಂದಳು. ಫೋನಿನಲ್ಲಿ ಹಳೆಯ ಫೋಟೋ ಹುಡುಕಿ ತೋರಿಸಿದೆ. ಅದೇ ಚಿತ್ರ, ಅದೇ ಗೋಡೆ, ಪಕ್ಕದಲ್ಲಿ ನಾಲ್ಕು ವರ್ಷದ ಅವಳೇ ನಿಂತಿದ್ದಾಳೆ. ಅವಳು ಇವತ್ತಿಗೂ ನಂಬಿಲ್ಲ.